ಸ್ಕೀಟ್‌ಗೆ ಮೊದಲ ಕೋವಿ ಯಾವುದು ತಗೊಳ್ಳಲಿ?

ಡಲ್ಲಾಸ್ ಕಡೆ ಕನ್ನಡದವರ ಮನೆಗೆ ಊಟಕ್ಕೆ ಹೋದರೆ, ಪಾಯಸ ಮುಗಿಯುವುದರೊಳಗೆ ಯಾರಾದರೊಬ್ಬರು ಪಕ್ಕಕ್ಕೆ ಕರೆಯುತ್ತಾರೆ. "ನೀವು ವಾರವಾರ ಸ್ಕೀಟ್ ಹೊಡಿಯಕ್ಕೆ ಹೋಗ್ತೀರಂತಲ್ಲ, ನಾನೂ ಶುರು ಮಾಡ್ಬೇಕು. ಯಾವ ಗನ್ ತಗೊಳ್ಳಲಿ? ಲಿಂಕ್ ಕಳಿಸಿಬಿಡಿ." ಸ್ಕೀಟ್ ಅಂದರೆ ಗಾಳಿಯಲ್ಲಿ ಹಾರುವ ತಟ್ಟೆಗಳನ್ನು ಕೋವಿಯಿಂದ ಹೊಡೆದು ಒಡೆಯುವ ಆಟ. ನಾನು ಲಿಂಕ್ ಕಳಿಸುವುದಿಲ್ಲ. ಯಾವ ವೀಸಾದಲ್ಲಿದ್ದೀರಿ ಅಂತ ಕೇಳುತ್ತೇನೆ.

ತಮಾಷೆಗಲ್ಲ. ಎಚ್-1ಬಿಯಂಥ ತಾತ್ಕಾಲಿಕ ಕೆಲಸದ ವೀಸಾದಲ್ಲಿರುವವರು ಅಮೆರಿಕದಲ್ಲಿ ಕೋವಿ ಕೊಳ್ಳುವುದಿರಲಿ, ಇಟ್ಟುಕೊಳ್ಳುವುದಕ್ಕೂ ಫೆಡರಲ್ ಕಾನೂನಿನ ತಡೆಯಿದೆ. ವಿನಾಯಿತಿಗಳಲ್ಲಿ ಕೈಗೆಟಕುವಂಥದ್ದು ಇಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ತಟ್ಟೆ ಹೊಡೆಯುವವನಿಗೆ ಬೇಟೆ ಲೈಸೆನ್ಸ್ ಯಾಕೆ ಅಂತ ನಗಬೇಡಿ, ಬಾಡಿಗೆ ಕೋವಿ ಹಿಡಿಯುವ ಮುಂಚೆಯೇ ಅದನ್ನು ಮಾಡಿಸಿಟ್ಟುಕೊಳ್ಳಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಲೆನೋವಿಲ್ಲ.

ಇನ್ನು ಕೋವಿಯ ಮಾತು. ಸ್ಕೀಟ್ ಅಂಗಳದ ಎಡಕ್ಕೆ ಎತ್ತರದ ಗೂಡು, ಬಲಕ್ಕೆ ತಗ್ಗಿನ ಗೂಡು. ಅರ್ಧವೃತ್ತದ ಮೇಲೆ ಏಳು ಜಾಗ, ನಟ್ಟನಡುವೆ ಎಂಟನೆಯದು. ಅಂಗೈಯಗಲದ ತಟ್ಟೆಗಳು ಎರಡೂ ಗೂಡಿನಿಂದ ಹಾರಿ ಬರುತ್ತವೆ, ಸುತ್ತಿಗೆ 25 ಈಡು. ನಾಲ್ಕು ಜಾಗಗಳಲ್ಲಿ ಎರಡು ತಟ್ಟೆ ಒಟ್ಟಿಗೇ ಬರುವುದರಿಂದ ಒಂದೇ ಈಡಿನ ಕೋವಿ ನಡೆಯುವುದಿಲ್ಲ. ಪ್ರತಿ ಈಡಿಗೂ ಮುಂಗೈ ಹಿಡಿಯನ್ನು ಎಳೆದು ತಳ್ಳಬೇಕಾದ ಪಂಪ್ ಆಕ್ಷನ್‌ನಲ್ಲಿ ಪಳಗಿದವರು ಹೊಡೆಯುತ್ತಾರೆ, ಹೊಸಬರು ಎಳೆದು ತಳ್ಳುವಷ್ಟರಲ್ಲಿ ಎರಡನೇ ತಟ್ಟೆ ಹುಲ್ಲಿಗೆ ಬಿದ್ದಿರುತ್ತದೆ. ಉಳಿದದ್ದು ಎರಡು: ನಳಿಗೆಗಳು ಒಂದರ ಮೇಲೊಂದಿರುವ ಓವರ್-ಅಂಡರ್, ಇಲ್ಲವೇ ತೋಟಾ ಸಿಡಿದ ಗ್ಯಾಸ್‌ನಿಂದಲೇ ಮುಂದಿನ ತೋಟಾ ಏರಿಸಿಕೊಳ್ಳುವ ಸೆಮಿ ಆಟೋಮ್ಯಾಟಿಕ್.

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಜ್ಜನ ಜೋಡುನಳಿಗೆ ಕೋವಿಯಿತ್ತು. ಬೆಳೆ ರಕ್ಷಣೆಯ ಲೈಸೆನ್ಸ್, ಚುನಾವಣೆ ಬಂತೆಂದರೆ ಠಾಣೆಗೆ ಹೋಗಿ ಕೂರುತ್ತಿತ್ತು. ಅದನ್ನು ನೋಡುತ್ತ ಬೆಳೆದವನು, ನನಗೆ ಕೋವಿ ಗೊತ್ತು ಅನ್ನುವ ಜಂಬದಲ್ಲಿ ಇಲ್ಲಿ ಮೊದಲು ಕೊಂಡದ್ದು ಹಗುರವಾದ 20 ಗೇಜಿನದು (ಗೇಜ್ ಅಂದರೆ ನಳಿಗೆಯ ಒಳ ಅಗಲದ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಸಪೂರ). ಅಂಗಡಿಯಲ್ಲಿ ಎತ್ತಿ ನೋಡಿದರೆ ಹೂವಿನ ಹಾಗಿತ್ತು! ಆದರೆ ಅದೇ ತೂಕದ ಚರೆ ತುಂಬಿದ ತೋಟಾ ಹಗುರ ಕೋವಿಯಲ್ಲಿ ಜಾಸ್ತಿ ಒದೆಯುತ್ತದೆ. ಎರಡನೇ ಸುತ್ತಿಗೆ ಭುಜ ನೇರಳೆ ಬಣ್ಣಕ್ಕೆ ತಿರುಗಿತ್ತು. ಅದಕ್ಕಿಂತ ದೊಡ್ಡ ತೊಂದರೆ ಬೇರೆಯದು. ನಾಲ್ಕನೇ ಜಾಗದಲ್ಲಿ ತಟ್ಟೆಗಿಂತ ಮೂರು ನಾಲ್ಕು ಅಡಿ ಮುಂದಕ್ಕೆ ಹೊಡೆಯಬೇಕು, ಹೊಡೆದ ಮೇಲೂ ಕೋವಿ ತಿರುಗುತ್ತಲೇ ಇರಬೇಕು. ಹಗುರ ಕೋವಿ ಬಿಲ್ಲು (ಟ್ರಿಗರ್) ಎಳೆದ ಕೂಡಲೇ ನಿಂತುಬಿಡುತ್ತದೆ, ಚರೆ ತಟ್ಟೆಯ ಹಿಂದೆ ಹೋಗುತ್ತದೆ. ಏಳೂವರೆ ಎಂಟು ಪೌಂಡ್ ತೂಕ, 28 ಅಥವಾ 30 ಇಂಚಿನ ನಳಿಗೆ ಇದ್ದರೆ ಆ ತೂಕವೇ ಕೈಯನ್ನು ಎಳೆದುಕೊಂಡು ಹೋಗುತ್ತದೆ.

ಕಂಪನಿ ಹೆಸರಿಗಿಂತ ನಾನು ಒತ್ತಿ ಹೇಳುವುದು ಅಳತೆಯ ಬಗ್ಗೆ. ಅಂಗಡಿಯವರನ್ನು ಕೇಳಿ, ಕೋವಿ ಖಾಲಿಯಿದೆಯೇ ಅಂತ ಎರಡು ಸಲ ನೋಡಿ. ಗೋಡೆ ಮೇಲೆ ಒಂದು ಚುಕ್ಕೆ ಗುರುತಿಸಿಕೊಂಡು ಕಣ್ಣು ಮುಚ್ಚಿ. ಕೋವಿಯನ್ನು ಭುಜಕ್ಕೆ ತಂದು ಕೆನ್ನೆ ಒರಗಿಸಿ, ಕಣ್ಣು ಬಿಡಿ. ನಳಿಗೆ ತುದಿಯ ಮಣಿ ನೀವು ನೋಡಿದ ಕಡೆಗೇ ಇರಬೇಕು. ನಳಿಗೆ ಮೇಲಿನ ಪಟ್ಟಿ ರಸ್ತೆಯ ಹಾಗೆ ಉದ್ದಕ್ಕೆ ಕಂಡರೆ ನಿಮಗೆ ಕೆನ್ನೆ ಒರಗಿಸುವ ಹಿಡಿ ಎತ್ತರವಾಯಿತು, ಪಟ್ಟಿಯೇ ಕಾಣದಿದ್ದರೆ ತಗ್ಗಾಯಿತು. ಕತ್ತು ಸೊಟ್ಟ ಮಾಡಿ ಹೊಂದಿಸಿಕೊಳ್ಳುವ ಕೋವಿ ಎಷ್ಟು ಚಂದವಿದ್ದರೂ ಅಲ್ಲೇ ಇಟ್ಟು ಬನ್ನಿ.

ಕಣ್ಣನ್ನೂ ಪರೀಕ್ಷಿಸಿಕೊಳ್ಳಿ. ಎರಡೂ ಕೈ ಚಾಚಿ, ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ, ದೂರದ ದೀಪದ ಕಂಬ ನೋಡಿ. ಒಂದೊಂದೇ ಕಣ್ಣು ಮುಚ್ಚಿದಾಗ ಯಾವುದಕ್ಕೆ ಕಂಬ ಕಾಣುತ್ತದೋ ಅದೇ ನಿಮ್ಮ ಯಜಮಾನ ಕಣ್ಣು. ನಾನು ಬಲಗೈಯವನು, ಯಜಮಾನ ಎಡಗಣ್ಣು. ಇದು ಗೊತ್ತಿಲ್ಲದೆ ಇಡೀ ಬೇಸಿಗೆ ಕೋವಿಯನ್ನೇ ಬೈದುಕೊಂಡಿದ್ದೆ. ಕೊನೆಗೆ ರೇಂಜಿನ ಹಿರಿಯರೊಬ್ಬರು ನನ್ನ ಕನ್ನಡಕದ ಎಡಗಾಜಿಗೆ ಉಗುರಿನಷ್ಟು ಟೇಪ್ ಅಂಟಿಸಿದರು. ಆ ಸುತ್ತಿನಲ್ಲಿ ತಟ್ಟೆಗಳು ಒಡೆಯತೊಡಗಿದವು.

ಚೋಕ್, ಅಂದರೆ ಚರೆ ಎಷ್ಟು ಹರಡಬೇಕೆಂದು ತೀರ್ಮಾನಿಸುವ ನಳಿಗೆ ತುದಿಯ ಬಿಗಿ, ಅದರ ವಿಚಾರಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ತಟ್ಟೆ ಸಿಗುವುದು ಇಪ್ಪತ್ತು ಗಜದ ಆಸುಪಾಸಿನಲ್ಲಿ, ಚರೆ ಬೇಗ ಹರಡಬೇಕು. ಸ್ಕೀಟ್ ಚೋಕ್, 9ನೇ ನಂಬರಿನ ಚರೆ, ಅಷ್ಟೇ.

ಹೆಸರು ಹೇಳಲೇಬೇಕೆಂದರೆ, ಹೊಸಬರಿಗೆ ನನ್ನ ಓಟು ಸೆಕೆಂಡ್ ಹ್ಯಾಂಡ್ 12 ಗೇಜಿನ ಸೆಮಿ ಆಟೋಮ್ಯಾಟಿಕ್‌ಗೆ. ರೆಮಿಂಗ್ಟನ್ 1100 ಥರದ್ದು, ಅದರಲ್ಲಿ ಕಡಿಮೆ ಚರೆಯ ತೋಟಾ. ಗ್ಯಾಸ್ ವ್ಯವಸ್ಥೆ ಒದೆತವನ್ನು ಮೆತ್ತಗೆ ಮಾಡುತ್ತದೆ. ಖಾಲಿ ತೋಟಾ ಪಕ್ಕಕ್ಕೆ ಎಸೆಯುತ್ತದೆ, ಆಗಾಗ ಬಿಚ್ಚಿ ಮಸಿ ಒರೆಸಬೇಕು. ಬೆರೆಟ್ಟಾ 686, ಬ್ರೌನಿಂಗ್ ಸಿಟೋರಿಯಂಥ ಓವರ್-ಅಂಡರ್‌ಗಳು ತಲೆಮಾರು ಬಾಳುತ್ತವೆ. ಮಧ್ಯಕ್ಕೆ ಮಡಚಿ ಹಿಡಿದರೆ ಖಾಲಿಯಿದೆ ಅಂತ ಸುತ್ತಲಿದ್ದವರಿಗೂ ಕಾಣುತ್ತದೆ. ಆದರೆ ಆ ದುಡ್ಡು ಸುರಿಯುವುದು ಒಂದು ವರ್ಷ ಬಿಟ್ಟು.

"ಹಾಗಾದ್ರೆ ಲಿಂಕು?" ಅಂತ ಮತ್ತೆ ಕೇಳುವವರಿದ್ದಾರೆ. ಲೈಸೆನ್ಸ್ ಸರಿಯಿದ್ದರೆ ಶನಿವಾರ ಬೆಳಿಗ್ಗೆ ಎಂಟಕ್ಕೆ ರೇಂಜಿಗೆ ಬನ್ನಿ. ಕಿವಿಗೆ ಮಫ್, ಕಣ್ಣಿಗೆ ಕನ್ನಡಕ ಇರಲಿ. ನನ್ನ ಎರಡು ಕೋವಿಯಲ್ಲೂ ಒಂದೊಂದು ಸುತ್ತು ಹೊಡೆಯಿರಿ. ತೋಟಾ ಮಾತ್ರ ನಿಮ್ಮ ಖರ್ಚು.