ಸ್ಟ್ಯಾಟಿಸ್ಟಿಕ್ಸ್ ಸೀಟು ಸಿಗುತ್ತಾ?
ಹಾಸನದಲ್ಲಿ ಬಿಎಸ್ಸಿ ಕೊನೇ ವರ್ಷ ಓದ್ತಿರೋ ಚಿಕ್ಕಪ್ಪನ ಮಗಳು, "ಅಣ್ಣಾ, ಐಐಟೀಲಿ ಸ್ಟ್ಯಾಟಿಸ್ಟಿಕ್ಸ್ ಎಂಎಸ್ಸಿ ಸೀಟು ನಂಗೆ ಸಿಗುತ್ತಾ?" ಅಂದ್ಲು. ಅರ್ಜಿ ಹಾಕೋರೆಷ್ಟು, ಸೀಟೆಷ್ಟು ಅಂತ ಲೆಕ್ಕ ಹಾಕಿ ಕಂಗಾಲಾಗಿದ್ಲು. ಆ ಲೆಕ್ಕ ಎಲ್ಲರ ಸರಾಸರಿ ಕಣೇ, ನಿಂದಲ್ಲ. ಐಐಟಿ ಎಂಎಸ್ಸಿಗೆ ಬರೆಯೋ ಪ್ರವೇಶ ಪರೀಕ್ಷೆ ಜ್ಯಾಮ್ ಅಂದ್ರೆ ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಹಳೇ ಪೇಪರ್‌ಗಳನ್ನ ಗಡಿಯಾರ ಇಟ್ಕೊಂಡು ಬಿಡಿಸು, ಆ ಅಂಕ ನಿನ್ನ ಬಗ್ಗೆ ಹೇಳುತ್ತೆ.

ಅವಳ ನೋಟ್ಸ್ ನೋಡಿ ನಂಗೇ ಧೈರ್ಯ ಬಂತು. ಪಾಯ್ಸಾನ್ ಅನ್ನೋ ಸಂಭವನೀಯತೆ ಹಂಚಿಕೆಯ ಮೀನ್ (ಸರಾಸರಿ), ವೇರಿಯನ್ಸ್ (ಹರಡುವಿಕೆಯ ಅಳತೆ) ಎರಡೂ ಲ್ಯಾಮ್ಡಾ ಅನ್ನೋ ಒಂದೇ ಸಂಖ್ಯೆ ಅನ್ನೋದನ್ನ ಬಾಯಿಪಾಠ ಹೊಡೆದಿಲ್ಲ. ಸರಣಿ ಬಿಡಿಸಿ ಸಾಧಿಸಿದಾಳೆ, ಪಕ್ಕದಲ್ಲಿ ಪೆನ್ಸಿಲಿಂದ "ಯಾಕೆ?" ಅಂತ ಬೇರೆ. ಐಎಸ್‌ಐ, ಅಂದ್ರೆ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಸ್ನಾತಕೋತ್ತರ ಕೋರ್ಸ್ ಎಂ.ಸ್ಟ್ಯಾಟ್‌ಗೂ ಅರ್ಜಿ ಹಾಕು ಅಂದೆ. ಅಲ್ಲಿನ ಪ್ರವೇಶ ಪರೀಕ್ಷೇಲಿ ಒಂದು ಪೇಪರಲ್ಲಿ ಹಂತ ಹಂತವಾಗಿ ಬರೆದೇ ತೋರಿಸಬೇಕು. ಇಂಥ ಹುಡುಗೀರಿಗೆ ಹೇಳಿ ಮಾಡಿಸಿದ ಪರೀಕ್ಷೆ ಅದು.