ಬಲಗಾಲಿನ ಬಿಸಿ ಮತ್ತು ಭತ್ತದ ಹೊಟ್ಟು

ಹೋದ ವರ್ಷ ಏಪ್ರಿಲ್‌ನಲ್ಲಿ ನನ್ನ ಹೆಂಡತಿಯ ಬಲಗಾಲಿನ ಮೀನಖಂಡ ಸುಟ್ಟಿತು. ಎರಡು ಬೆರಳಗಲದ ಗುಳ್ಳೆ ಎದ್ದಿತ್ತು. ಸುಟ್ಟಿದ್ದು ನನ್ನ ಬೈಕು. ಗಾಯ ವಾಸಿಯಾಗಿದೆ, ಕಂದು ಕಲೆ ಮಾತ್ರ ಇನ್ನೂ ಇದೆ. ಅದು ಕಣ್ಣಿಗೆ ಬಿದ್ದಾಗೆಲ್ಲ ಮನಸ್ಸಿಗೆ ಚುಚ್ಚುತ್ತದೆ. ಮೊದಲೇ ಒಂದು ಭಾನುವಾರ ಕೂತು ಗಾಡಿ ಬಿಚ್ಚಿ ನೋಡಿದ್ದರೆ ಇದು ಆಗುತ್ತಲೇ ಇರಲಿಲ್ಲ.

ನಮ್ಮದು ಎರಡು ಸಿಲಿಂಡರಿನ, ಲಿಕ್ವಿಡ್ ಕೂಲ್ಡ್ (ದ್ರವ ಹರಿಸಿ ಇಂಜಿನ್ ತಂಪು ಮಾಡುವ) ಟೂರಿಂಗ್ ಬೈಕು. ಸೈಲೆನ್ಸರ್ ಬಲಗಡೆ. ತಗೊಂಡು ನಾಲ್ಕು ವರ್ಷ ಆಯಿತು. ಹೈವೇಯಲ್ಲಿ ಇಷ್ಟು ಹಾಯಾದ ಗಾಡಿ ನಾನು ಓಡಿಸಿಲ್ಲ. ಆದರೆ ಊರೊಳಗೆ ಸಿಕ್ಕಿಕೊಂಡರೆ ಸಾಕು, ಒಲೆ ಮುಂದೆ ಕಾಲು ಚಾಚಿ ಕೂತ ಹಾಗೆ. ಬಲ ಮಂಡಿಯಿಂದ ಕೆಳಗೆ ಪೂರ್ತಿ ಬಿಸಿ. ಜೊತೆಗೆ ಓಡಿಸುವವರೆಲ್ಲ ಒಂದೇ ಮಾತು ಹೇಳುತ್ತಿದ್ದರು. "ದೊಡ್ಡ ಇಂಜಿನ್ ಅಂದ್ರೆ ಹಾಗೇನೇ, ರೂಢಿ ಆಗುತ್ತೆ." ನಾನೂ ನಂಬಿದೆ.

ಆ ಮಾತಿನಲ್ಲಿ ಅರ್ಧ ನಿಜ ಇದೆ. ಪೆಟ್ರೋಲ್ ಉರಿದಾಗ ಬರುವ ಶಕ್ತಿಯಲ್ಲಿ ಚಕ್ರಕ್ಕೆ ಸಿಗುವುದು ಮೂರನೇ ಒಂದು ಪಾಲಿಗಿಂತ ಕಡಿಮೆ. ಉಳಿದಿದ್ದೆಲ್ಲ ಬಿಸಿಯೇ. ಒಂದಷ್ಟು ಸೈಲೆನ್ಸರ್ ಪೈಪಿನಿಂದ ಹೋಗುತ್ತದೆ, ಒಂದಷ್ಟು ಆ ದ್ರವವನ್ನ ಗಾಳಿಗೆ ಆರಿಸುವ ರೇಡಿಯೇಟರ್‌ನಿಂದ ಹೋಗುತ್ತದೆ. 2020ರ ಏಪ್ರಿಲ್‌ನಿಂದ ಬಿಎಸ್6 ಅನ್ನೋ ಹೊಗೆ ನಿಯಮ ಬಂದಿದೆಯಲ್ಲ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಶುರು ಮಾಡಬೇಕಾದರೆ ಸುಮಾರು 300 ಡಿಗ್ರಿ ಬಿಸಿ ಬೇಕು. ಬೇಗ ಕಾಯಲಿ ಅಂತ ಅದನ್ನ ಇಂಜಿನ್ ಹತ್ತಿರವೇ ಕೂರಿಸುತ್ತಾರೆ. ಹತ್ತಿರ ಅಂದರೆ ನಮ್ಮ ಕಾಲಿಗೂ ಹತ್ತಿರ. ಇಷ್ಟು ಬಿಸಿಯನ್ನ ಯಾರೂ ತಪ್ಪಿಸೋಕೆ ಆಗಲ್ಲ. ಆದರೆ ಚರ್ಮ ಸುಡುವಷ್ಟು ಬಿಸಿ "ಹಾಗೇನೇ" ಅನ್ನೋದು ಸುಳ್ಳು. ಅದು ನನಗೆ ತಡವಾಗಿ ಗೊತ್ತಾಯಿತು.

ಹೋದ ವರ್ಷ ಫೆಬ್ರವರಿಯಲ್ಲಿ ಮೊದಲು ಮಾಡಿದ್ದು ಬೆಂಡ್ ಪೈಪಿಗೆ, ಅಂದರೆ ಇಂಜಿನ್ನಿಂದ ಸೈಲೆನ್ಸರಿಗೆ ಹೋಗುವ ಪೈಪಿಗೆ, ಪಟ್ಟಿ ಸುತ್ತುವ ಕೆಲಸ. ಫೈಬರ್‌ಗ್ಲಾಸ್ ಪಟ್ಟಿ, 50 ಮಿ.ಮೀ. ಅಗಲ, 10 ಮೀಟರ್ ಉದ್ದ. ನೀರಲ್ಲಿ ನೆನೆಸಿ, ಗ್ಲೌಸ್ ಹಾಕಿಕೊಂಡು, ಒಂದರ ಮೇಲೊಂದು ಬರುವ ಹಾಗೆ ಬಿಗಿಯಾಗಿ ಸುತ್ತಿದೆ. ಸ್ಟೀಲ್ ಟೈ ಹಾಕಿ ಬಿಗಿದೆ. ಮೊದಲ ದಿನ ಬಿಳಿ ಹೊಗೆ ಬಂತು, ಆಮೇಲೆ ನಿಂತಿತು. ಮೊಣಕಾಲ ಕೆಳಗೆ ಸ್ವಲ್ಪ ಹಿತ ಅನ್ನಿಸಿದ್ದು ನಿಜ. ಆದರೆ ಸಿಗ್ನಲ್‌ನಲ್ಲಿ ನಿಂತಾಗ ಬರುವ ಆ ಬಿಸಿಗಾಳಿ ಒಂದಿಷ್ಟೂ ಕಡಿಮೆಯಾಗಲಿಲ್ಲ. ಆಗಲೇ ನನಗೆ ಹೊಳೆಯಬೇಕಿತ್ತು, ಈ ಬಿಸಿ ಪೈಪಿಂದಲ್ಲ ಅಂತ.

ಹೆಂಡತಿಯ ತವರು ಸಿಂಧನೂರು. ಬೆಂಗಳೂರಿನಿಂದ ಹಿರಿಯೂರು, ಚಳ್ಳಕೆರೆ, ಬಳ್ಳಾರಿ, ಸಿರುಗುಪ್ಪ ಮೇಲೆ ಹೋಗುತ್ತೇವೆ. ಹತ್ತಿರ ಹತ್ತಿರ ನಾನೂರು ಕಿಲೋಮೀಟರ್. ಏಪ್ರಿಲ್‌ನಲ್ಲಿ ಅವಳ ತಮ್ಮನ ಮಗುವಿನ ಜವಳ ಇತ್ತು. ಬೆಳಿಗ್ಗೆ ಆರಕ್ಕೆ ಹೊರಟೆವು. ಅದೇ ಮೊದಲ ತಪ್ಪು. ಬಳ್ಳಾರಿ ಮುಟ್ಟುವಾಗ ನೆತ್ತಿ ಮೇಲೆ ಸೂರ್ಯ. ಬಳ್ಳಾರಿ ದಾಟಿ ಸಿರುಗುಪ್ಪದ ಕಡೆ ಹೋದರೆ ಎಲ್ಲ ತುಂಗಭದ್ರೆಯ ಕಾಲುವೆ ನೀರಿನ ಸೀಮೆ. ಎರಡನೇ ಬೆಳೆಯ ಭತ್ತ ಕಟಾವಿಗೆ ಬಂದಿತ್ತು. ಹೊಲದಲ್ಲಿ ಕಟಾವು ಯಂತ್ರ, ರಸ್ತೆಯಲ್ಲಿ ಟ್ರ್ಯಾಕ್ಟರ್, ರಸ್ತೆ ಪಕ್ಕದಲ್ಲೆಲ್ಲ ಒಣಹಾಕಿದ ಭತ್ತ. ಲಾರಿ ಹೋದರೆ ಹೊಟ್ಟು, ಧೂಳು ಎದ್ದು ಮುಖಕ್ಕೆ ಬಡಿಯುತ್ತಿತ್ತು. ಒಂದು ಕಟಾವು ಯಂತ್ರದ ಹಿಂದೆ ಇಪ್ಪತ್ತು ನಿಮಿಷ ನಡಿಗೆ ವೇಗದಲ್ಲಿ ಹೋದೆವು. ಡಿಸ್‌ಪ್ಲೇಯಲ್ಲಿ ಕೂಲೆಂಟ್, ಅಂದರೆ ಇಂಜಿನ್ ತಂಪು ಮಾಡುವ ಆ ದ್ರವ, 108 ಡಿಗ್ರಿ ತೋರಿಸುತ್ತಿತ್ತು. ರೇಡಿಯೇಟರ್ ಫ್ಯಾನ್ ನಿಲ್ಲುತ್ತಲೇ ಇರಲಿಲ್ಲ.

"ರೀ, ಕಾಲು ಸುಡಾಕತ್ತೈತಿ, ನಿಲ್ಲಸ್ರಿ" ಅಂದಳು. ಬೆಂಗಳೂರಲ್ಲಿ ಹದಿನೈದು ವರ್ಷ ಇದ್ದರೂ ನೋವಾದಾಗ ಅವಳ ಮಾತು ತವರಿಗೆ ಹೋಗುತ್ತದೆ. ಹಾಗೆ ಕೇಳಿದ ಕೂಡಲೇ ನನಗೆ ಗಾಬರಿಯಾಯಿತು. ನಾನು ಹಾಕಿಕೊಂಡಿದ್ದು ದಪ್ಪ ರೈಡಿಂಗ್ ಪ್ಯಾಂಟು, ಚರ್ಮದ ಬೂಟು. ಅವಳು ಲೆಗ್ಗಿಂಗ್ಸ್ ಮತ್ತು ಸಾದಾ ಶೂ. ನನಗೆ ಕೊಂಡ ದಿನವೇ ಅವಳಿಗೂ ಕೊಳ್ಳಬೇಕಿತ್ತು. ಕೊಂಡಿರಲಿಲ್ಲ.

ಪಕ್ಕದ ಚಹಾ ಅಂಗಡಿಯವರು ಒಳ್ಳೇ ಮನಸ್ಸಿನಿಂದಲೇ ಟೂತ್‌ಪೇಸ್ಟ್ ತಂದುಕೊಟ್ಟರು. ಬೇಡ ಅಂದೆ, ನೀರು ಕೇಳಿದೆ. ಸುಟ್ಟ ಜಾಗಕ್ಕೆ ತಣ್ಣೀರು ಹರಿಯಬೇಕು, ಇಪ್ಪತ್ತು ನಿಮಿಷ. ಐಸ್ ಬೇಡ, ಪೇಸ್ಟ್ ಬೇಡ, ಇಂಕ್ ಬೇಡ, ಅರಿಶಿನವೂ ಬೇಡ. ಆ ಅಂಗಡಿಯವರು ಮರು ಮಾತಾಡದೆ ಎರಡು ಕೊಡ ನೀರು ತಂದಿಟ್ಟು, ಚೊಂಬಿನಲ್ಲಿ ತಾವೇ ಹುಯ್ದರು. ಅವರ ಋಣ ದೊಡ್ಡದು. ಗುಳ್ಳೆ ಒಡೆಯದೆ ಶುಭ್ರ ಬಟ್ಟೆ ಸಡಿಲವಾಗಿ ಸುತ್ತಿ, ಸಿರುಗುಪ್ಪದಲ್ಲಿ ಡಾಕ್ಟರಿಗೆ ತೋರಿಸಿ, ಅಲ್ಲಿಂದ ಅವಳನ್ನ ಬಸ್ಸಿನಲ್ಲಿ ಕಳಿಸಿದೆ. ನಾನೊಬ್ಬನೇ ಬೈಕಿನಲ್ಲಿ ಬಸ್ಸಿನ ಹಿಂದೆ ಹೋದೆ.

ಮನೆ ಮುಂದೆ ಗಾಡಿ ನಿಲ್ಲಿಸಿ ಅಲ್ಲೇ ಬಗ್ಗಿ ನೋಡುತ್ತಿದ್ದೆ. ಅತ್ತೆ ಬಾಗಿಲಿಂದಲೇ "ಮೊದಲ ನೆಳ್ಳಿಗೆ ಬರ್ರಿ, ಗಾಡಿ ಆಮ್ಯಾಲ ನೋಡ್ರಂತ" ಅಂದರು. ಮಜ್ಜಿಗೆ ಕುಡಿದು ಮಲಗಿದೆ. ಸಂಜೆ ಭಾವಮೈದ ಒಬ್ಬ ಮೆಕ್ಯಾನಿಕ್‌ನ ಕರೆದುಕೊಂಡು ಬಂದ. ಅವರು ಬೈಕ್ ಮೆಕ್ಯಾನಿಕ್ ಅಲ್ಲ. ಟ್ರ್ಯಾಕ್ಟರ್, ಕಟಾವು ಯಂತ್ರ ರಿಪೇರಿ ಮಾಡುವವರು. ಟಾರ್ಚ್ ಹಾಕಿ ರೇಡಿಯೇಟರ್ ನೋಡಿದವರೇ ಹೇಳಿದರು. "ಇದರಾಗ ಗಾಳಿ ಎಲ್ಲಿಂದ ಹೋಗಬೇಕ್ರಿ ಸರ? ಪೂರಾ ಹೊಟ್ಟು ತುಂಬೈತ್ರಿ."

ನಾನು ರೇಡಿಯೇಟರ್ ಮುಂದೆ ಜಾಲರಿ ಗಾರ್ಡ್ ಹಾಕಿಸಿದ್ದೆ, ಕಲ್ಲು ಬಡಿಯದಿರಲಿ ಅಂತ. ಹೊರಗಿಂದ ಜಾಲರಿ ಚೊಕ್ಕಟವಾಗಿ ಕಾಣುತ್ತಿತ್ತು. ಅದರ ಹಿಂದೆ ಏನಾಗಿದೆ ಅಂತ ಒಂದು ದಿನವೂ ನೋಡಿರಲಿಲ್ಲ. ವರ್ಷಕ್ಕೆ ಎರಡು ಸಲ ಊರಿಗೆ ಹೋಗುತ್ತೇವೆ, ಎರಡೂ ಸಲ ಸುಗ್ಗಿಯ ಹೊತ್ತು. ಮೂರು ವರ್ಷದ ಹೊಟ್ಟು ಅಲ್ಲಿ ಸೇರಿತ್ತು.

ಅವರು ಮಾಡಿದ ಕೆಲಸ ಹತ್ತಿರ ಕೂತು ನೋಡಿದೆ. ಜಾಲರಿ ಬಿಚ್ಚಿದರು. ಗಾಳಿ ಪೈಪನ್ನ ಮುಂದಿನಿಂದ ಹಿಡಿಯಲಿಲ್ಲ, ಫ್ಯಾನ್ ಇರುವ ಹಿಂಬದಿಯಿಂದ ಹಿಡಿದರು. ಹೊಟ್ಟು ಬಂದ ದಾರಿಯಲ್ಲೇ ವಾಪಸ್ ಹೋಗಬೇಕು, ಇಲ್ಲದಿದ್ದರೆ ಇನ್ನೂ ಒಳಗೆ ಕೂರುತ್ತದೆ ಅಂದರು. ಅದೂ ಒಂದಡಿ ದೂರದಿಂದ, ಮೆಲ್ಲಗೆ. ರೇಡಿಯೇಟರ್ ರೆಕ್ಕೆಗಳು ಬೆರಳಲ್ಲಿ ಒತ್ತಿದರೆ ಮಡಚಿಕೊಳ್ಳುವಷ್ಟು ತೆಳು ಅಲ್ವಾ? ಆಮೇಲೆ ಸಣ್ಣ ಧಾರೆಯಲ್ಲಿ ನೀರು. ಆಮೇಲೆ ಹಳೇ ಟೂತ್‌ಬ್ರಷ್, ಮೇಲಿಂದ ಕೆಳಗೆ ಮಾತ್ರ. ಮಡಚಿದ ರೆಕ್ಕೆಗಳನ್ನ ಒಂದೊಂದಾಗಿ ಸೇಫ್ಟಿ ಪಿನ್ನಿನಲ್ಲಿ ಎತ್ತಿ ನೇರ ಮಾಡಿದರು. ಕೆಳಗೆ ಹಾಸಿದ ಗೋಣಿಚೀಲದ ಮೇಲೆ ಹೊಟ್ಟು, ಕೆಂಪು ಮಣ್ಣು, ಹುಳುಗಳ ರೆಕ್ಕೆ, ಒಂದು ಮುರಿದ ಭತ್ತದ ತೆನೆ. ಎರಡು ಹಿಡಿ ಆಗುವಷ್ಟಿತ್ತು. ಸುಗ್ಗಿ ಟೈಮಲ್ಲಿ ಕಟಾವು ಯಂತ್ರದ ರೇಡಿಯೇಟರ್ ದಿನಕ್ಕೆ ಎರಡು ಮೂರು ಸಲ ಊದುತ್ತೀವಿ ಅಂದರು. ದುಡ್ಡು ಕೊಡಲು ಹೋದರೆ ತಗೊಳ್ಳಲಿಲ್ಲ. ಚಹಾ ಕುಡಿದು ಹೋದರು.

ಮರುದಿನ ಸಿಂಧನೂರಿನ ಸಂತೆ ಹತ್ತಿರದ ಗದ್ದಲದಲ್ಲೇ ಓಡಿಸಿ ನೋಡಿದೆ. ಫ್ಯಾನ್ 102ಕ್ಕೆ ಶುರುವಾಗಿ 97ಕ್ಕೆ ನಿಂತಿತು. ಮತ್ತೆ ಶುರು, ಮತ್ತೆ ನಿಂತಿತು. ಫ್ಯಾನ್ ನಿಲ್ಲುವ ಆ ಸದ್ದು ಕೇಳಿ ಎಷ್ಟು ದಿನ ಆಗಿತ್ತು! ಫ್ಯಾನ್ ಬರುವುದು ತಪ್ಪಲ್ಲ. ನಿಲ್ಲದೇ ಇರುವುದು ತಪ್ಪು.

ಆದರೆ ಅವಳ ಕಾಲು ಸುಟ್ಟಿದ್ದು ಹೊಟ್ಟಿನಿಂದಲ್ಲ. ಅದಕ್ಕೆ ಕಾರಣ ಬೆಂಗಳೂರಿಗೆ ಬಂದ ಮೇಲೆ ಸಿಕ್ಕಿತು. ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ಒಂದು ತಗೊಂಡೆ. ಒಂದು ಮಾತು ಹೇಳಬೇಕು. ಹೊಳೆಯುವ ಸ್ಟೀಲಿನ ಮೇಲೆ ಈ ಗನ್ ನಿಜಕ್ಕಿಂತ ತುಂಬಾ ಕಡಿಮೆ ತೋರಿಸುತ್ತದೆ. ಆ ಜಾಗಕ್ಕೆ ಬಿಸಿ ತಡೆಯುವ ಕಪ್ಪು ಪೇಂಟಿನ ಒಂದು ಚುಕ್ಕೆ ಇಟ್ಟು ಅಲ್ಲಿ ಅಳೆಯಬೇಕು. ಹಾಗೆ ಅಳೆದರೆ ಹಿಂದೆ ಕೂತವರ ಕಾಲ ಪಕ್ಕದ ಸೈಲೆನ್ಸರ್ ಶೀಲ್ಡ್ 118 ಡಿಗ್ರಿ! ಶೀಲ್ಡ್ ಅಂದರೆ ಕಾಲು ಕಾಯುವ ತಗಡು. ಅದಕ್ಕೂ ಪೈಪಿಗೂ ನಡುವೆ ಸಂದಿ ಇರಬೇಕು. ಆ ಸಂದಿಯಲ್ಲಿರುವ ಗಾಳಿಯೇ ನಿಜವಾದ ಕಾವಲು. ನಮ್ಮದರಲ್ಲಿ ಎರಡು ವಾಷರ್ ಬಿದ್ದುಹೋಗಿ ತಗಡು ನೇರವಾಗಿ ಪೈಪಿಗೆ ಅಂಟಿಕೊಂಡಿತ್ತು. ಕಾಲು ಕಾಯಬೇಕಾದದ್ದೇ ಕಾಲು ಸುಟ್ಟಿತ್ತು. ಜೆ.ಸಿ. ರಸ್ತೆಯಲ್ಲಿ ದಪ್ಪ ವಾಷರ್ ಸಿಕ್ಕಿತು, ನಲವತ್ತು ರೂಪಾಯಿ. ಹಾಕಿದ ಮೇಲೆ ಅದೇ ಚುಕ್ಕೆಯಲ್ಲಿ 64. ಮುಟ್ಟಿ ಹಿಡಿಯೋಕೆ ಆಗಲ್ಲ, ನಿಜ. ಆದರೆ ಪ್ಯಾಂಟು, ಬೂಟು ಇದ್ದರೆ ತೊಂದರೆ ಇಲ್ಲ.

ಟ್ಯಾಂಕ್ ಎತ್ತಿದಾಗ ಇನ್ನೊಂದು ಗೊತ್ತಾಯಿತು. ಇಂಜಿನ್ ಮೇಲೆ, ಟ್ಯಾಂಕ್ ಕೆಳಗೆ ಒಂದು ರಬ್ಬರ್ ಹಾಳೆ ಇರಬೇಕು. ರೇಡಿಯೇಟರ್ ದಾಟಿ ಬಂದ ಬಿಸಿಗಾಳಿ ಮೇಲೆ ಸೀಟಿನ ಕಡೆ ಬರದೆ ಕೆಳಗೆ ಹೋಗಲಿ ಅಂತ. ನಮ್ಮ ಗಾಡಿಯಲ್ಲಿ ಅದು ಇರಲೇ ಇಲ್ಲ. ಹಿಂದಿನ ಸರ್ವಿಸ್‌ನಲ್ಲಿ ಏರ್ ಫಿಲ್ಟರ್ ಬದಲಿಸಿದವರು ತೆಗೆದು ವಾಪಸ್ ಹಾಕಿಲ್ಲ. ಗಾಡಿ ಅದಿಲ್ಲದೆಯೂ ಓಡುತ್ತದೆ, ಹಾಗಾಗಿ ಯಾರಿಗೂ ಗೊತ್ತಾಗಲ್ಲ. ಆದರೆ ಕೂತವರ ತೊಡೆಗೆ ಗೊತ್ತಾಗುತ್ತದೆ. ನನಗೆ ಇದು ಬಹಳ ಸಿಟ್ಟು ತಂದ ವಿಷಯ. ಹೊಸದು ಬರೋಕೆ ಐದು ವಾರ ಆಯಿತು. ಅಲ್ಲಿವರೆಗೆ 3 ಮಿ.ಮೀ. ಸಿಲಿಕೋನ್ ಹಾಳೆ ಕತ್ತರಿಸಿ ಹಾಕಿದ್ದೆ. ಸೈಕಲ್ ಟ್ಯೂಬ್ ಹಾಕಬೇಡಿ, ಬಿಸಿಗೆ ಕರಗಿ ನಾರುತ್ತದೆ. ನಿಮ್ಮ ಗಾಡಿಯಲ್ಲೂ ಇಂಥ ಹಾಳೆ ಇದ್ದರೆ ಸರ್ವಿಸ್ ಆದ ಮೇಲೆ ಒಮ್ಮೆ ಕೇಳಿ ನೋಡಿ.

ಕೂಲೆಂಟ್ ಕೂಡ ಬದಲಿಸಿದೆ. ಹಳೆಯದು ಹಸಿರು ಹೋಗಿ ಕಂದು ಬಣ್ಣಕ್ಕೆ ತಿರುಗಿತ್ತು. ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಬೋರ್‌ವೆಲ್ ನೀರು ಹಾಕಿದರೆ ಪಾತ್ರೆ ತಳಕ್ಕೆ ಕಟ್ಟುವ ಬಿಳಿ ಪದರ ರೇಡಿಯೇಟರ್ ಒಳಗೂ ಕಟ್ಟುತ್ತದೆ. ಬಿಸಿ ಇದ್ದಾಗ ಮುಚ್ಚಳಕ್ಕೆ ಕೈ ಹಾಕಬೇಡಿ. ಒಳಗೆ ಒತ್ತಡ ಇರುತ್ತದೆ, ಅದರಿಂದಲೇ 108ರಲ್ಲೂ ಕುದಿಯದೆ ಇರುವುದು. ತೆಗೆದ ಕ್ಷಣ ಮುಖಕ್ಕೆ ಚಿಮ್ಮುತ್ತದೆ.

ಪೈಪಿಗೆ ಸುತ್ತಿದ್ದ ಪಟ್ಟಿಯನ್ನ ಮಳೆಗಾಲ ಮುಗಿದ ಮೇಲೆ ಬಿಚ್ಚಿದೆ. ಒಳಗೆ ಒದ್ದೆ ಕೆಸರು. ಬೆಸುಗೆ ಹಾಕಿದ ಕಡೆಯೆಲ್ಲ ತುಕ್ಕು ಶುರುವಾಗಿತ್ತು. ಮತ್ತೆ ಸುತ್ತಲಿಲ್ಲ. ಅದರ ಬದಲು ಬಲಗಡೆಯ ಪ್ಯಾನಲ್ ಒಳಮೈಗೆ ಬೆಳ್ಳಿ ಬಣ್ಣದ ಹೀಟ್ ಶೀಟ್ ಅಂಟಿಸಿದೆ, ಬಿಸಿಯನ್ನ ವಾಪಸ್ ಎಸೆಯುವಂಥದ್ದು. ಅಂಟಿಸುವ ಮುಂಚೆ ಸ್ಪಿರಿಟ್ ಹಾಕಿ ಚೆನ್ನಾಗಿ ಒರೆಸಬೇಕು. ಇಷ್ಟು ಸಾಕು.

ಇನ್ನು ಬಿಸಿಲಿನ ವಿಷಯ. ಗಾಳಿ ಬಡಿದರೆ ತಂಪು ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ನಮ್ಮ ಚರ್ಮ ಸುಮಾರು 35 ಡಿಗ್ರಿ. ಹೊರಗೆ 42 ಇದ್ದರೆ ಬಡಿಯುವ ಗಾಳಿ ಮೈ ಕಾಯಿಸುತ್ತದೆ, ಬೆವರನ್ನೂ ಬೇಗ ಒಣಗಿಸುತ್ತದೆ. ಅಂಥ ಹೊತ್ತಲ್ಲಿ ಹತ್ತಿ ಶರ್ಟು ಪೂರ್ತಿ ನೆನೆಸಿ ಹಾಕಿಕೊಂಡು ಮೇಲೆ ಜಾಕೆಟ್ ಹಾಕುತ್ತೇನೆ. ಗಾಳಿ ಕಿಂಡಿ ಸ್ವಲ್ಪವೇ ತೆರೆದಿಡುತ್ತೇನೆ. ಬಳ್ಳಾರಿ, ರಾಯಚೂರಿನ ಒಣ ಬಿಸಿಲಿಗೆ ಇದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಅರ್ಧ ಗಂಟೆಗೆ ಒಣಗುತ್ತದೆ, ಮತ್ತೆ ನೆನೆಸಬೇಕು. ಮಂಗಳೂರಿನ ಕಡೆ ಇದರಿಂದ ಅಷ್ಟು ಪ್ರಯೋಜನ ಇಲ್ಲ. ಅಲ್ಲಿನ ಗಾಳಿಯಲ್ಲೇ ನೀರಿರುತ್ತದೆ, ಬಟ್ಟೆ ಆರುವುದೇ ಇಲ್ಲ.

ಈ ವರ್ಷವೂ ಏಪ್ರಿಲ್‌ನಲ್ಲಿ ಹೋದೆವು. ಬೆಳಿಗ್ಗೆ ಮೂರೂವರೆಗೆ ಹೊರಟೆವು. ಅವಳಿಗೆ ಈಗ ಮೀನಖಂಡ ಮುಚ್ಚುವ ಚರ್ಮದ ಬೂಟಿದೆ, ರೈಡಿಂಗ್ ಪ್ಯಾಂಟಿದೆ. ಟೂಲ್ ಚೀಲದಲ್ಲಿ ಟೂತ್‌ಬ್ರಷ್ ಮತ್ತು ಎರಡು ಸೇಫ್ಟಿ ಪಿನ್ನು. ಸಿರುಗುಪ್ಪ ಹತ್ತಿರ ಮತ್ತೆ ರಸ್ತೆ ತುಂಬಾ ಭತ್ತ, ಮುಂದೆ ಟ್ರ್ಯಾಕ್ಟರ್ ಸಾಲು. ಅದೇ ಚಹಾ ಅಂಗಡಿ ಮುಂದೆ ನಿಲ್ಲಿಸಿದೆವು. ನಾನು ಜಾಲರಿ ಬಿಚ್ಚಿ ಹೊಟ್ಟು ತೆಗೆಯುವಾಗ ಅವಳು ಒಳಗೆ ಹೋಗಿ ಎರಡು ಚಹಾ ಹೇಳಿದಳು. ಅಂಗಡಿಯವರು ಗುರುತು ಹಿಡಿದು ಕಾಲು ಹೇಗಿದೆ ಅಂತ ಕೇಳಿದರು. ಅವಳು ಪ್ಯಾಂಟಿನ ಅಂಚು ಸ್ವಲ್ಪ ಎತ್ತಿ ಕಲೆ ತೋರಿಸಿದಳು.