ನೆಮುನಸ್ ನದಿಯ ಈಚೆ ದಡ

ರಾಂಬಿನಸ್ ಗುಡ್ಡದ ಮೇಲೆ ನಿಂತರೆ ಕೆಳಗೆ ನೆಮುನಸ್ ನದಿ ಕಾಣುತ್ತದೆ. ಈಚೆ ದಡ ಲಿಥುವೇನಿಯಾ, ಆಚೆ ದಡ ರಷ್ಯಾ. ನನ್ನ ಹತ್ತಿರ ಆ ಕಡೆಯ ವೀಸಾ ಇರಲಿಲ್ಲ. ಆದರೂ ಕ್ಲೈಪೆಡಾದಿಂದ ಕಾರು ಮಾಡಿಕೊಂಡು ಬಂದಿದ್ದು ಆ ದಡವನ್ನು ನೋಡುವುದಕ್ಕೇ.

1852ರ ಬೇಸಿಗೆಯಲ್ಲಿ ಆಗಸ್ಟ್ ಶ್ಲೈಷರ್ ಎಂಬ ಭಾಷಾಶಾಸ್ತ್ರಜ್ಞ ಈ ಸೀಮೆಗೆ ಬಂದಿದ್ದರು. ಆಗ ಎರಡೂ ದಡ ಪ್ರಶ್ಯಾ ಎಂಬ ಜರ್ಮನ್ ರಾಜ್ಯದ್ದೇ. ಪ್ರಾಗ್‌ನಲ್ಲಿ ಪಾಠ ಹೇಳುತ್ತಿದ್ದ ಜರ್ಮನ್ ಪ್ರೊಫೆಸರ್, ವಯಸ್ಸು 31. ಲಿಥುವೇನಿಯನ್ ತುಂಬಾ ಹಳೆಯ ರೂಪಗಳನ್ನು ಉಳಿಸಿಕೊಂಡ ಭಾಷೆ ಅಂತ ಪಂಡಿತರಿಗೆ ಆಗಲೇ ಗೊತ್ತಿತ್ತು. ಶ್ಲೈಷರ್‌ಗೆ ಪುಸ್ತಕ ಸಾಲಲಿಲ್ಲ. ಆ ಭಾಷೆ ಆಡುವ ಇಲ್ಲಿನ ರೈತರ ನಡುವೆ ಇದ್ದು, ಅವರ ಬಾಯಿಂದಲೇ ಕಲಿತರು. ಹಾಡು, ಗಾದೆ, ಒಗಟು, ಕಥೆ ಎಲ್ಲ ಬರೆದುಕೊಂಡರು. 1856ರಲ್ಲಿ ವ್ಯಾಕರಣ ಬಂತು. ಮರುವರ್ಷ ಆ ಹಾಡು, ಕಥೆಗಳೂ ಪದಕೋಶವೂ ಅಚ್ಚಾದವು. ಹೊಲದಲ್ಲಿ ದುಡಿಯುವವರ ಮಾತಿಗೆ ಅಷ್ಟು ಮರ್ಯಾದೆ ಕೊಟ್ಟರಲ್ಲ, ನನಗೆ ಅವರು ಇಷ್ಟವಾಗುವುದು ಅದಕ್ಕೇ.

ಆಮೇಲೆ ಅವರು ಜರ್ಮನಿಯ ಯೇನಾ ಊರಿನಲ್ಲಿ ನೆಲೆಸಿದರು. ತೋಟಗಾರಿಕೆ ಅಂದರೆ ಪ್ರಾಣ. ಭಾಷೆಗಳ ನಂಟನ್ನೂ ಕೊಂಬೆ ಕೊಂಬೆಯಾಗಿ, ಮರದ ಹಾಗೆ ಬರೆದು ತೋರಿಸಿದರು. 1868ರಲ್ಲಿ, ಸಂಸ್ಕೃತ, ಲಿಥುವೇನಿಯನ್, ಜರ್ಮನ್ ಮುಂತಾದ ನೆಂಟ ಭಾಷೆಗಳ ಮೂಲ ನುಡಿ ಹೀಗಿದ್ದಿರಬಹುದು ಅಂತ ಊಹಿಸಿ, ಕುರಿ ಮತ್ತು ಕುದುರೆಗಳ ಪುಟ್ಟ ಕಥೆಯೊಂದನ್ನು ಅದರಲ್ಲೇ ಬರೆದರು. ಅದರ ಮೊದಲ ಪದ 'ಅವಿಸ್', ಅಂದರೆ ಕುರಿ. ಲಿಥುವೇನಿಯಾದಲ್ಲಿ ಇವತ್ತಿಗೂ ಕುರಿಗೆ ಅವಿಸ್ ಅಂತಲೇ ಅನ್ನುತ್ತಾರೆ. ಅದೇ ವರ್ಷ ಡಿಸೆಂಬರ್‌ನಲ್ಲಿ ತೀರಿಕೊಂಡರು. ಬರೀ 47 ವರ್ಷ.

ಗುಡ್ಡದ ಹತ್ತಿರವೇ ಬಿತೆನೈ ಹಳ್ಳಿ. ಅಲ್ಲಿನ ಸ್ಮಶಾನದಲ್ಲಿ ವಿದೂನಸ್ ಸಮಾಧಿ ಇದೆ. ಭಗವದ್ಗೀತೆಯನ್ನು ಲಿಥುವೇನಿಯನ್‌ಗೆ ತಂದ ಚಿಂತಕ ಅವರು. ಹುಟ್ಟಿದ್ದು 1868ರಲ್ಲೇ. ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದೆ.

ರಾತ್ರಿ ಉಳಿದುಕೊಂಡ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ನನಗೆ ಅವರ ಭಾಷೆ ಬರದು, ಅವರಿಗೆ ಇಂಗ್ಲಿಷ್ ಬರದು. ಒಲೆ ತೋರಿಸಿದೆ. "ಉಗ್ನಿಸ್" ಅಂದರು. ಅಗ್ನಿ! ಹೊಗೆಗೆ "ದೂಮೈ". ಗೋಡೆಯ ಮೇಲಿದ್ದ ಮಗನ ಫೋಟೋಗೆ "ಸೂನುಸ್". ನನ್ನ ಮೈ ಜುಮ್ಮೆಂದಿತು. ಅಗ್ನಿ, ಧೂಮ, ಸೂನು ನಮ್ಮ ಕನ್ನಡಕ್ಕೆ ಸಂಸ್ಕೃತದಿಂದ ಬಂದ ನೆಂಟರು. ಅಜ್ಜಿಗೆ ಅವು ಹುಟ್ಟಿದ ಮನೆಯ ಆಸ್ತಿ.

ಆಚೆ ದಡದಲ್ಲೂ ಒಂದು ಕಾಲಕ್ಕೆ ಇದೇ ಮಾತು ಕೇಳುತ್ತಿತ್ತು. ಎರಡನೇ ಮಹಾಯುದ್ಧದ ಕೊನೆಗೆ ಅಲ್ಲಿದ್ದ ಜನ ಓಡಿಹೋದರು, ಉಳಿದವರನ್ನು ಹೊರಹಾಕಲಾಯಿತು. ಅಲ್ಲಿನ ರಾಗ್ನಿಟ್ ಪಟ್ಟಣದ ಹೆಸರು ನೇಮನ್ ಆಯಿತು. ಶ್ಲೈಷರ್ ಕಿವಿಗೊಟ್ಟು ಕೇಳಿದ ಹಾಡುಗಳನ್ನು ಆ ದಡದಲ್ಲಿ ಹಾಡಲು ಆ ರೈತರ ಮೊಮ್ಮಕ್ಕಳು ಉಳಿಯಲಿಲ್ಲ.

ಈಗ ಅಜ್ಜಿ ಒಲೆ ತೋರಿಸಿದರು. ನಿಮ್ಮಲ್ಲಿ ಏನನ್ನುತ್ತೀರಿ ಅನ್ನುವಂತೆ ಹುಬ್ಬು ಏರಿಸಿದರು.

"ಬೆಂಕಿ" ಅಂದೆ.

"ಪೆಂಕಿ?" ಅಂದು ನಕ್ಕು, ಐದೂ ಬೆರಳು ಅಗಲಿಸಿ ನನ್ನ ಮುಂದೆ ಹಿಡಿದರು. ಅವರಲ್ಲಿ ಪೆಂಕಿ ಅಂದರೆ ಐದು.